ಗೇರ್ ಆಯಿಲ್ ಮತ್ತು ಚಾಚಾನ ಮನೆಯ ಚಹಾ

ಬರೆದಿಟ್ಟದ್ದನ್ನು ಬರೆದ ಹಾಗೆಯೇ ಮಾಡುವ ಚಟ ನನಗೆ ಮೊದಲಿನಿಂದಲೂ ಇದೆ. ಔಷಧದ ಬಾಟಲಿಯ ಮೇಲೆ ‘ಚೆನ್ನಾಗಿ ಅಲುಗಾಡಿಸಿ’ ಎಂದಿದ್ದರೆ ನಮ್ಮ ಮನೆಯಲ್ಲಿ ಕೆಮ್ಮುವವರು ಕಾಯಬೇಕು. ನಾನು ಇನ್ನೂ ಅಲುಗಾಡಿಸುತ್ತಿರುತ್ತೇನೆ. ಯಾವ ತಾರೀಖು ಯಾವ ಚಕ್ರಕ್ಕೆ ಗಾಳಿ ತುಂಬಿಸಿದೆ ಎಂಬುದನ್ನೂ ದಿನಚರಿಗೆ ಏರಿಸುವವಳು ನಾನು. ಇಂಥವಳ ಕಾರು ಕೆಡಬಾರದು ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಕಾರು ಸೆಕೆಂಡ್ ಹ್ಯಾಂಡ್, ಆಟೊಮ್ಯಾಟಿಕ್. ಕೊಪ್ಪಳದಿಂದ ಗಂಗಾವತಿಯ ಆಫೀಸಿಗೆ ಅದರಲ್ಲೇ ಹೋಗಿ ಬರುತ್ತಿದ್ದೆ. ಕ್ಲಚ್ಚಿಲ್ಲದ ಗಾಡಿಯನ್ನು ಅಪ್ಪ ಮೊದಲ ದಿನದಿಂದಲೂ ನಂಬಲಿಲ್ಲ. “ಎಡಗಾಲು ಸುಮ್ನ ಕುಂತಿರತೈತಲ್ಲ, ಏನು ಸರಕಾರಿ ಕಾಲೇನದು?” ಎನ್ನುತ್ತಿದ್ದರು. ಈಚೆಗೆ ಗೇರು ಬದಲಾಗುವಾಗ ಕಾರು ಜಗ್ಗತೊಡಗಿದ್ದೇ ತಡ, ಯಲಬುರ್ಗಾದಲ್ಲಿ ಒಬ್ಬ ಗಿರಾಕಿಯನ್ನೇ ಹುಡುಕಿಬಿಟ್ಟರು. “ರವಿವಾರ ನಿಮ್ಮವ್ವನ್ನ, ಅತ್ತಿನ್ನ ಕುಷ್ಟಗಿಗೆ ಕರಕೊಂಡು ಹೋಗೂದೈತಿ. ದಾರ್ಯಾಗ ಒಂದ ಸಲ ಜಗ್ಗಿತಂದ್ರ, ಸೋಮವಾರ ಮಾರಿಬಿಡೂದು,” ಎಂದು ತೀರ್ಪು ಕೊಟ್ಟರು.

ನಾನು ಕಾರಿನ ಕೈಪಿಡಿ ತೆಗೆದೆ. ಗೇರ್‌ಬಾಕ್ಸಿನ ಎಣ್ಣೆ ನೋಡಬೇಕಂತೆ. ಗಾಡಿ ಬಿಸಿಯಾಗಿರಬೇಕು, ಇಂಜಿನ್ ಚಾಲೂ ಇರಬೇಕು, ನೆಲ ಸಪಾಟಾಗಿರಬೇಕು. ನಮ್ಮ ಓಣಿಯಲ್ಲಿ ಕೈಜಾರಿದ ಬಟಾಣಿ ಬಸ್‌ಸ್ಟ್ಯಾಂಡ್ ಮುಟ್ಟುತ್ತದೆ. ಸಪಾಟು ಜಾಗ ಇರುವುದು ಒಂದೇ ಕಡೆ, ಓಣಿಯ ತುದಿಯಲ್ಲಿ ಖಾರದ ಗಿರಣಿ ನಡೆಸುವ ಖಾಜಾಸಾಬ್ ಚಾಚಾನ ಅಂಗಳದಲ್ಲಿ. ಮೆಣಸಿನಕಾಯಿ ಒಣಗಿಸಲು ಚಾಚಾ ನಿಂತು ಕಾಂಕ್ರೀಟು ಹಾಕಿಸಿದ್ದು. “ಇಲ್ಲಿ ನೀರ ಹಾಕಿದ್ರ ಬೇಟಿ, ಯಾಕಡೆ ಹೋಗ್ಲಿ ಅಂತ ಅದs ನಿಂತು ವಿಚಾರ ಮಾಡತೈತಿ,” ಎಂಬುದು ಅವರ ಹೆಮ್ಮೆ.

ಅಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದೆ. ಅಳತೆಯ ಕಡ್ಡಿ ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ನೋಡಿದೆ. ಎಣ್ಣೆ ಕೆಳಗಿನ ಗೆರೆಗಿಂತ ಕೆಳಗೆ. ಕೊಂಡು ತಂದಿದ್ದ ಎಣ್ಣೆಯನ್ನು ಸ್ವಲ್ಪ ಸುರಿಯುವಷ್ಟರಲ್ಲಿ ಚಾಚಿ ಚಹಾ ತಂದಿಟ್ಟರು. ನೋಡಿದೆ. ಮೇಲಿನ ಗೆರೆ ದಾಟಿದೆ! ಹೆಚ್ಚಾದರೂ ಕೆಡುಕು ಎಂದು ಕೈಪಿಡಿ ಬೆದರಿಸಿತ್ತು. ಎಮ್ಮೆಗೆ ಔಷಧ ಹಾಕುವ ಪಿಚಕಾರಿಗೆ ನಳಿಗೆ ಸಿಕ್ಕಿಸಿ ಹೀರಿ ತೆಗೆದೆ. ಚಹಾ ಕುಡಿದು, ಮತ್ತೆ ನೋಡಿದರೆ ಎಣ್ಣೆ ಪಾತಾಳದಲ್ಲಿ. ಸುರಿದೆ. ಇನ್ನೊಂದು ಕಪ್ಪು ಬಂತು. ನೋಡಿದೆ, ಆಕಾಶದಲ್ಲಿ. ಈ ಕಾರಿಗೆ ಒಮ್ಮೆ ಬಾವು, ಒಮ್ಮೆ ಭೇದಿ ಎಂದು ಕಂಗಾಲಾಗಿ ತಲೆ ಎತ್ತಿದಾಗ, ಚಾಚಾನ ಕೈ ಕಾರಿನ ಕಿಟಕಿಯಿಂದ ಮೆಲ್ಲಗೆ ಹೊರಬರುತ್ತಿತ್ತು.

“ಚಾಚಾ, ಇಂಜಿನ್ ಬಂದ್ ಮಾಡಿದ್ರೇನು?” ಕಿರುಚಿದೆ. ಗಿರಣಿಯ ಸದ್ದಿನಲ್ಲಿ ಇಂಜಿನ್ ನಿಂತದ್ದು ನನಗೆ ಕೇಳಿಸಿರಲೇ ಇಲ್ಲ.

“ಹೌದವಾ! ಮನಿ ಮುಂದ ಗಾಡಿ ಚಾಲೂ ಇಟ್ಟು ನಿಂತ್ರ ಏನರ್ಥ? ನಿಮ್ಮನಿ ಚಹಾ ಬ್ಯಾಡ ಅಂತ. ನೋಡಿದ ಮಂದಿ ಏನನ್ನಬೇಕು? ಚಹಾ ಬಂದಾಗ ಬಂದ್ ಮಾಡಿದ್ನಿ, ಕಪ್ಪು ಖಾಲಿ ಆದ್ಮ್ಯಾಲ ನಾನs ಚಾಲೂ ಮಾಡಿದ್ನೆಲ್ಲ!”

ಇಂಜಿನ್ ನಿಂತರೆ ಎಣ್ಣೆಯೆಲ್ಲ ತಳದ ತೊಟ್ಟಿಗೆ ಇಳಿದು ಕಡ್ಡಿಯ ಮೇಲೆ ಹೆಚ್ಚಾಗಿ ಕಾಣುತ್ತದೆ ಎಂದು ವಿವರಿಸಿದೆ. “ಹಂಗಾರ ಮೊದಲು ಹೊಟ್ಟಿ ತುಂಬ ಚಹಾ ಕುಡಿ, ಆಮ್ಯಾಲ ಅಳತಿ ಮಾಡು,” ಎಂದು ಚಾಚಿ ನ್ಯಾಯ ಬಗೆಹರಿಸಿದರು. ಕುಡಿದೆ. ಅಳೆದೆ. ಎಣ್ಣೆ ಕಡಿಮೆಯೇ. ಕೆಂಪಗಿರಬೇಕಾದದ್ದು ಹುಣಸೆರಸದ ಬಣ್ಣಕ್ಕೆ ತಿರುಗಿತ್ತು. ಸುಟ್ಟ ವಾಸನೆ ಇದೆಯೇ ಮೂಸಿ ನೋಡಿ ಎಂದಿತ್ತು ಕೈಪಿಡಿ. ಖಾರದ ಗಿರಣಿಯ ಮುಂದೆ ಮೂಸಿ ನೋಡಿ ಎಂದು ಹೇಳಿದವರು ಅಲ್ಲಿಗೆ ಬಂದಿರಲಾರರು. ಮೂವರೂ ಸರದಿಯಂತೆ ಮೂಸಿ, ಸರದಿ ಮರೆತು ಸೀನಿದೆವು.

ಇಂಜಿನ್ ಆರಿಸಿ, ಅಡಿಯ ನಟ್ಟು ಬಿಚ್ಚಿ, ಹಳೆಯ ಎಣ್ಣೆಯನ್ನು ಡಬ್ಬಿಗೆ ಇಳಿಸಿ ಹೊಸದನ್ನು ತುಂಬಿದೆ. ಒಂದೇ ಸಲಕ್ಕೆ ಎಲ್ಲವೂ ಹೊರಬರುವುದಿಲ್ಲ. ಒಳಗೆ ಉಳಿದದ್ದು ಹೊಸದಕ್ಕೂ ಬಣ್ಣ ಹಚ್ಚುತ್ತದೆ. ಆದ್ದರಿಂದ ಮರುದಿನ ಮತ್ತೆ ಅದೇ ಪೂಜೆ. ಅಂದು ಚಾಚಾ ಕೈ ಹಿಂದಕ್ಕೆ ಕಟ್ಟಿಕೊಂಡೇ ನಿಂತಿದ್ದರು. ಓಣಿಯಲ್ಲಿ ಹೋಗಿ ಬರುವವರಿಗೆಲ್ಲ, “ಆಕಿ ಚಹಾ ಕುಡದಾಳ್ರಿ, ಗಾಡಿ ಚಾಲೂ ಐತಿ ಅಂತ ತಪ್ಪು ತಿಳಕೋಬ್ಯಾಡ್ರಿ,” ಎಂದು ಸಾರುತ್ತಿದ್ದರು.

ರವಿವಾರ ಬಂತು. ಕಾರು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ಅತ್ತೆ ಊರು ದಾಟುವ ಮೊದಲೇ ನಿದ್ದೆ ಹೋದರು. ಅಪ್ಪ ಮುಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು, ಒಂದು ಜಗ್ಗಿಗಾಗಿ ಕುಷ್ಟಗಿಯವರೆಗೂ ಕಾದರು. ಸಿಗಲಿಲ್ಲ. ಇಳಿದು ಕಾರನ್ನು ಒಂದು ಸುತ್ತು ಹಾಕಿ ಕೈ ಚಾಚಿದರು. “ಕೀಲಿ ಕೊಡಿಲ್ಲಿ, ನೋಡೂಣು.”

ಕುಷ್ಟಗಿಯಿಂದ ವಾಪಸು ಹೊರಟ ಕೂಡಲೇ ಕ್ಲಚ್ಚು ಹುಡುಕಿದ ಅಪ್ಪನ ಎಡಗಾಲು ಬ್ರೇಕನ್ನು ತುಳಿಯಿತು. ಕೂತೊಡನೆ ಮತ್ತೆ ಕಣ್ಣು ಮುಚ್ಚಿದ್ದ ಅತ್ತೆ, ಮುಂದಿನ ಸೀಟಿಗೆ ಬಡಿದ ಹಣೆ ಒತ್ತಿಕೊಂಡು ಎದ್ದರು.

“ನೋಡು, ಜಗ್ಗಿತು!” ಎಂದರು ಅಪ್ಪ.

“ಗಾಡಿ ಅಲ್ಲೋ ಯಣ್ಣಾ, ನೀನು,” ಎಂದರು ಅತ್ತೆ.

ಊರು ಮುಟ್ಟುವಷ್ಟರಲ್ಲಿ ಅಪ್ಪನ ಎಡಗಾಲು ಸುಮ್ಮನೆ ಕೂರಲು ಕಲಿತಿತ್ತು. ಕಾರು ಉಳಿಯಿತು. ಮಾರುವುದಿಲ್ಲವೆಂದು ಗಿರಾಕಿಗೆ ಎದುರಿಗೇ ಹೇಳಿ ಬರುತ್ತೇನೆಂದು ಅಪ್ಪ ಸೋಮವಾರ ಅದರಲ್ಲೇ ಯಲಬುರ್ಗಾಕ್ಕೆ ಹೋದರು. ಅಂದಿನಿಂದ ಅಪ್ಪನಿಗೆ ದಿನಕ್ಕೊಂದು ಊರಿನಲ್ಲಿ ಒಬ್ಬೊಬ್ಬರಿಗೆ ಹಾಗೆ ಎದುರಿಗೇ ಹೇಳುವುದು ಬಾಕಿ ಇರುತ್ತದೆ.

ನಾನು ಬಸ್ಸಿನಲ್ಲಿ ಗಂಗಾವತಿಗೆ ಹೋಗುತ್ತಿದ್ದೇನೆ. ಬಸ್ಸು ಗೇರು ಗೇರಿಗೂ ಜಗ್ಗುತ್ತದೆ. ಮೊನ್ನೆ ಡ್ರೈವರ್ ಅಣ್ಣನಿಗೆ ಕಾರಣ ಹೇಳಬೇಕೆಂದು ಬಾಯಿ ತೆರೆದೆ. ಆಮೇಲೆ, ಇದನ್ನೂ ಸರಿಮಾಡಿಸಿಕೊಟ್ಟ ಮೇಲೆ ಇಲ್ಲಿಂದಲೂ ನನ್ನನ್ನು ಇಳಿಸಿಬಿಟ್ಟಾರು ಎನಿಸಿ, ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.