ಅಪ್ಪ ಸೇದದೆ ಬಿಟ್ಟ ಸಿಗರೇಟು

ಸಿ.ವಿ. ರಾಮನ್ ನಗರದ ನಮ್ಮ ಬೀದಿಯಲ್ಲಿ ಅತಿ ಹೆಚ್ಚು ಸಿಗರೇಟು ಸೇದಿದ ಕೀರ್ತಿ ನನ್ನ ಅಪ್ಪನದು. ಅವರು ಒಂದನ್ನೂ ಬಾಯಿಗಿಟ್ಟವರಲ್ಲ!

ಸೇದುತ್ತಿದ್ದವಳು ಅವರ ಅಕ್ಕ, ನನ್ನ ಸೋದರತ್ತೆ. ಕಾರ್ಖಾನೆ ಕೆಲಸದಿಂದ ನಿವೃತ್ತಳಾಗಿ ನಮ್ಮ ಮಹಡಿಯ ಮೇಲಿದ್ದಳು. ಹೆಂಗಸು ತನಗೇ ಬೇಕೆಂದು ಸಿಗರೇಟು ಕೇಳುವುದುಂಟೇ? ಮೂಲೆಯಂಗಡಿಯಲ್ಲಿ ದಿನವೂ ಒಂದೇ ವರಾತ: "ನನ್ನ ತಮ್ಮನಿಗೆ ಒಂದು ಪ್ಯಾಕ್ ಕೊಡಪ್ಪ. ಎಷ್ಟು ಬೈದ್ರೂ ಬಿಡಲ್ಲ, ಮುಂಡೇದು!" ಅಂಗಡಿಯವನು ಅಪ್ಪನನ್ನು ಕಂಡಾಗಲೆಲ್ಲ ಮರುಕದಿಂದ ತಲೆಯಾಡಿಸುತ್ತಿದ್ದ. ಅಪ್ಪ ಅಕ್ಕನ ಮಾನ ಕಾಯಲು ಒಮ್ಮೆ ಕೆಮ್ಮಿ ಮುಂದೆ ಹೋಗುತ್ತಿದ್ದರು!

ಆದರೆ ನಿಜವಾದ ಕೆಮ್ಮು ಅತ್ತೆಯದು. ನಾಲ್ಕು ಮಾತಾಡಿದರೆ ಏದುಸಿರು. ಕೊಳವೆಯೊಂದನ್ನು ಊದಿಸಿ ನೋಡಿದ ಡಾಕ್ಟರಮ್ಮ, "ಈಗ್ಲೇ ಬಿಟ್ರೆ ಇರೋ ಉಸಿರು ಉಳಿಯತ್ತೆ. ಇಲ್ಲಾಂದ್ರೆ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಬದುಕ್ಬೇಕಾಗತ್ತೆ" ಎಂದರು. ಅಂದೇ ಬಿಟ್ಟೆ ಎನ್ನುವುದು ಅವಳ ನೆನಪು. ಹಲವು ಸಲ ಬಿಟ್ಟಳು ಎನ್ನುವುದು ನನ್ನದು. ಎರಡನ್ನೂ ಪೂರ್ತಿ ನಂಬಬೇಡಿ!

ಬಿಟ್ಟ ಮೇಲೆ ಮೊದಲು ಸಿಟ್ಟು ಬಂತು, ಆಮೇಲೆ ಹಸಿವು, ಕೊನೆಗೆ ಮೂಗು. ಶಿವಾಜಿನಗರದಲ್ಲಿ ಬಸ್ಸಿಳಿದವಳು ಮೂಗು ಮುಚ್ಚಿಕೊಂಡು, "ಯಾವಾಗಿಂದ ಹೀಗಿದೆ ಇದು?" ಎಂದು ಕಂಡಕ್ಟರನ್ನೇ ತರಾಟೆಗೆ ತೆಗೆದುಕೊಂಡಳು. ಮನೆಗೆ ಬಂದು ಅಮ್ಮನಿಗೆ, "ಇಷ್ಟು ವರ್ಷ ನಿನ್ನ ಸಾರನ್ನ ಹೊಗಳಿದ್ನಲ್ಲೇ, ಆಗ ನನಗೆ ಮೂಗೇ ಇರ್ಲಿಲ್ಲ ಕಣೇ!"

"ಹಾಗಾದ್ರೆ ಅತ್ತಿಗೆ, ನಾಳೆಯಿಂದ ನೀವೇ ಮಾಡಿ," ಎಂದಳು ಅಮ್ಮ.

ಇತ್ತ ಮೂಲೆಯಂಗಡಿಯವನು, ಅಪ್ಪ ಸಿಗರೇಟು ಬಿಟ್ಟರೆಂದು ಬೀದಿಗೆಲ್ಲ ಸಾರಿಬಿಟ್ಟ. ಪಾರ್ಕಿನ ವಾಕಿಂಗ್ ಗೆಳೆಯರು ಸಣ್ಣ ವೇದಿಕೆ ಹಾಕಿ, ಅಪ್ಪನಿಗೆ ಶಾಲು ಹೊದಿಸಿಯೇಬಿಟ್ಟರು! "ಏನ್ ವಿಲ್ ಪವರ್ ಸಾರ್ ನಿಮ್ದು!" ಅಪ್ಪ ತಡವರಿಸುತ್ತಿದ್ದಾಗ ಅತ್ತೆ ದಡದಡನೆ ಮೇಲೆ ಹತ್ತಿ ಮೈಕ್ ಕಿತ್ತುಕೊಂಡಳು.

"ಅವನೇನ್ರೀ ಬಿಡೋದು, ಒಂದು ದಿನ ಸೇದಿದವನಲ್ಲ, ಸೇದ್ತಿದ್ದವಳು ನಾನು, ಅವನ ಹೆಸರು ಹೇಳ್ಕೊಂಡು ತರ್ತಿದ್ದವಳು ನಾನು, ತಲೆಕೆಟ್ಟು ತಟ್ಟೆ ಎಸೆದು, ಅತ್ತೂ ಕರೆದೂ ಬಿಟ್ಟವಳೂ ನಾನೇ, ಶಾಲು ಅವನಿಗ್ಯಾಕೆ?"

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪನ ಕಣ್ಣು ತುಂಬಿತ್ತು. ಪಾಪ, ಎಲ್ಲರೆದುರು ಮಾನ ಹೋಯಿತಲ್ಲ ಅಂದುಕೊಂಡು ಹತ್ತಿರ ಹೋದೆ. ಅವರು ಅತ್ತೆಯ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳುತ್ತಿದ್ದರು:

"ಅಕ್ಕಾ, ಅಷ್ಟನ್ನೂ ಒಂದೇ ಉಸಿರಲ್ಲಿ ಹೇಳ್ಬಿಟ್ಯಲ್ಲೇ!"