ಭಾವನ ಹಪ್ಪಳ ಪರೀಕ್ಷೆ

ನನ್ನ ಭಾವನಷ್ಟು ಹಪ್ಪಳವನ್ನು ನಂಬಿದ ಮನುಷ್ಯ ಬ್ರಹ್ಮಾವರದಿಂದ ಬೈಂದೂರಿನವರೆಗೆ ಹುಡುಕಿದರೂ ಇನ್ನೊಬ್ಬ ಸಿಗಲಾರ! ಜನ ಹಪ್ಪಳ ತಿನ್ನುತ್ತಾರೆ. ಇವರು ಅದರ ಮಾತು ಕೇಳಿ ಕಾರ್ಖಾನೆ ನಿಲ್ಲಿಸುತ್ತಾರೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಮನೆ ಬೀಜಾಡಿಯಲ್ಲಿ; ಕೆಲಸ ಬೈಂದೂರು ಕಡೆಯ ಒಂದು ಮೀನಿನೆಣ್ಣೆ ಕಾರ್ಖಾನೆಯಲ್ಲಿ, ಕರೆಂಟಿನ ಮೇಸ್ತ್ರಿ. ಅಲ್ಲಿ ಅಂಗಳದ ಟ್ರಾನ್ಸ್‌ಫಾರ್ಮರಿನಿಂದ ಒಳಗಿನ ಸ್ವಿಚ್ಚಿನ ಕೋಣೆಗೆ ಕರೆಂಟು ಬರುತ್ತಿದ್ದದ್ದು ಬಸ್‌ವೇ ಎಂಬ ಉದ್ದನೆಯ ತಗಡಿನ ಪೆಟ್ಟಿಗೆಯಲ್ಲಿ. ಒಳಗೆ ದಪ್ಪ ಲೋಹದ ಪಟ್ಟಿಗಳು, ಮಾರಿಗೊಂದು ಜೋಡಣೆ. ನಮ್ಮ ಕಡಲಿನ ಉಪ್ಪುಗಾಳಿ ಯಾವ ತಗಡನ್ನು ಬಿಟ್ಟೀತು? ಜೋಡಣೆಗಳು ತುಕ್ಕು ಹಿಡಿದು ಮಳೆಗಾಲದಲ್ಲಿ ಒಳಗೆಲ್ಲ ಥಂಡಿ, ಅಂದರೆ ನೀರಿನ ಪಸೆ. ರಾತ್ರಿ ಆಫ್ ಮಾಡಿದ್ದ ಕರೆಂಟನ್ನು ಬೆಳಿಗ್ಗೆ ಆ ಥಂಡಿಗೇ ಕೊಟ್ಟು ಅದು ಸಿಡಿದರೆ, ಸ್ವಿಚ್ ಹಾಕಿದವನ ಕಥೆ ಮುಗಿದಂತೆ.

ಅದಕ್ಕೇ ಭಾವ ಕರೆಂಟು ಕೊಡುವ ಮುಂಚೆ ಪೆಟ್ಟಿಗೆಯ ಕಿಂಡಿಯೊಳಗೆ ಕರಿದ ಹಲಸಿನ ಹಪ್ಪಳ ಇಡುತ್ತಿದ್ದರು. ಅರ್ಧ ಗಂಟೆ ಬಿಟ್ಟು ತೆಗೆದಾಗ ಟಪ್ಪೆಂದು ಮುರಿದರೆ ಸರಿ. ಬಾಗಿದರೆ, "ಇವತ್ತ್ ಆತಿಲ್ಲ. ಮೊದ್ಲ್ ಒಣಗ್ಸುವ."

ಘಟ್ಟದ ಮೇಲಿನಿಂದ ಬಂದ ಹೊಸ ಮ್ಯಾನೇಜರ್ ಸಿಟ್ಟಾದರು. "ಅಳೆಯೋಕೆ ಮೀಟರ್ ಇದೆಯಲ್ರೀ!"

"ಮೀಟ್ರಿಗೆ ಬ್ಯಾಟ್ರಿ ಬೇಕ್ ಸಾರ್. ಹಪ್ಪಳಕ್ಕೆ ಎಂತದೂ ಬ್ಯಾಡ."

ಮೀಟರ್ ತರಿಸಿ ನೋಡಿದರೆ ಹಪ್ಪಳ ಹೇಳಿದ್ದೇ ಸರಿ. ಮರುದಿನದಿಂದ ಮ್ಯಾನೇಜರ್ ಬಂದ ಕೂಡಲೇ ಕೇಳುವುದು, "ಹಪ್ಪಳ ಏನಂತು?"

ಬ್ರಹ್ಮಾವರದಲ್ಲೊಂದು ಮದುವೆ. ಎಲೆಗೆ ಬಡಿಸಿದ ಹಪ್ಪಳ ಮೆತ್ತಗಿತ್ತು. ಭಾವ ಕೂತಲ್ಲಿಂದಲೇ ಕಾರ್ಖಾನೆಗೆ ಫೋನ್ ಮಾಡಿದರು: "ನಾ ಬಪ್ಪವರೆಗೆ ಸ್ವಿಚ್ ಮುಟ್ಬೇಡಿ." ಪಾಯಸಕ್ಕೂ ಕಾಯದೆ ಎದ್ದರು. ಅಡುಗೆಯವನು ಮುಖ ಊದಿಸಿಕೊಂಡ. ಇಲ್ಲಿಯ ಥಂಡಿಗೂ ಬೈಂದೂರಿಗೂ ಎಂತ ಸಂಬಂಧ ಎಂದು ಕೇಳಿದೆ.

"ಮೋಡಕ್ಕೆ ಬಸ್ ಟಿಕೇಟ್ ಬೇಕಾ ಮಾರಾಯ?"

ಅಕ್ಕ ನನ್ನತ್ತ ತಿರುಗಿ, "ನನ್ನ್ ಮದ್ವಿ ದಿನವೂ ಇವ್ರ್ ಹೀಂಗೇ ಹಪ್ಪಳ ಒತ್ತಿ ಕಂಡಿರ್," ಎಂದಳು. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು.

ಭಾವ ಮಾತ್ರ ವರ್ಷ ವರ್ಷವೂ ಮ್ಯಾನೇಜರರ ಬೆನ್ನು ಬಿಡಲಿಲ್ಲ: ಬಸ್‌ವೇ ಕಿತ್ತು ಕೇಬಲ್ ಬಸ್ ಹಾಕಿ ಅಂತ. ಅದರಲ್ಲಿ ದಪ್ಪ ಹೊದಿಕೆಯ ಕೇಬಲ್‌ಗಳು ಈ ತುದಿಯಿಂದ ಆ ತುದಿಗೆ ಒಂದೇ ಉದ್ದಕ್ಕೆ, ಗಾಳಿಯಾಡುವ ಚೌಕಟ್ಟಿನಲ್ಲಿ ಬಿಡಿಬಿಡಿಯಾಗಿ ಮಲಗಿರುತ್ತವೆ. ನಡುವೆ ಜೋಡಣೆಯೇ ಇಲ್ಲ. ಮಳೆ ಬಿದ್ದರೆ ಹಾಗೇ ಇಳಿದು ಹೋಗುತ್ತದೆ. ಕೊನೆಗೂ ಈ ಬೇಸಿಗೆಯಲ್ಲಿ ಕಂಪನಿ ಒಪ್ಪಿತು.

ಹೊಸ ಕೇಬಲ್‌ಗೆ ಮೊದಲ ಸಲ ಕರೆಂಟು ಕೊಡುವ ದಿನ ಭಾವ ನನ್ನನ್ನೂ ಕರೆದಿದ್ದರು. ಹೊರಗೆ ಧೋ ಎಂದು ಮಳೆ. ಭಾವ ಸ್ವಿಚ್ಚಿನ ಕೋಣೆಯ ಬಾಗಿಲಲ್ಲಿ ನಿಂತು ಕರೆದರು, "ಹ್ವಾಯ್, ಎಲ್ಲ ಒಳ್ಗ್ ಬನಿ."

ನಾಲ್ವರು ಕೆಲಸದವರು ಗೇಟಿನ ಹತ್ತಿರವೇ ನೆನೆಯುತ್ತ ನಿಂತಿದ್ದರು. ಒಬ್ಬರೂ ಕದಲಲಿಲ್ಲ. ಹತ್ತಿರ ಹೋಗಿ ಅವರಲ್ಲೊಬ್ಬನಾದ ಹಳೇ ಫಿಟ್ಟರನನ್ನು ಯಾಕೆಂದು ಕೇಳಿದೆ.

"ಅಭ್ಯಾಸ ಇಲ್ಲ," ಎಂದ. "ಇಷ್ಟ್ ವರ್ಷ ಹಪ್ಪಳ ಸರಿ ಇದ್ರೂ ನಮ್ಮನ್ನೆಲ್ಲ ಗೇಟಿಂದ ಆಚಿಗ್ ಕಳ್ಸಿ, ಇವ್ರ್ ಒಬ್ರೇ ಸ್ವಿಚ್ ಹಾಕ್ತಿದ್ರ್. ಸಿಡಿದ್ರೆ ಒಬ್ಬ ಸಾಕ್ ಅಂಬ್ರ್."

ನಾನು ಬಾಗಿಲಿಗೆ, ಭಾವನ ಹತ್ತಿರ ಮರಳಿದೆ. ಅಷ್ಟು ವರ್ಷ ನಾನು ನಕ್ಕದ್ದು ಯಾರನ್ನು ನೋಡಿ!

"ಅಕ್ಕನಿಗೆ ಗೊತ್ತಾ ಭಾವ?"

"ಇಲ್ಲ. ನೀನೂ ಹೇಳ್ಬೇಡ."

ನಾಲ್ವರೂ ಮೆಲ್ಲನೆ ಒಳಗೆ ಬಂದರು. ಆರು ಜನ ಹೆಗಲಿಗೆ ಹೆಗಲು ತಾಗಿಸಿ ನಿಂತೆವು. ಭಾವ ಒಮ್ಮೆ ಎಲ್ಲರ ಮುಖವನ್ನೂ ನೋಡಿ ಸ್ವಿಚ್ ಹಾಕಿದರು.