ರೋಣದ ನೆಟ್ ಅಂಗಡಿಯಲ್ಲಿ ನನ್ನ ಪಾಠ

ಪಾಠ ಹೇಳುವವನ ಬದುಕಿನಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ; ಹೆಚ್ಚಿನವುಗಳಲ್ಲಿ ನಗೆಗೀಡಾಗುವವನು ಅವನೇ. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ನಾನು ರೋಣದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಅರ್ಧ ಪಾಠ ತರಗತಿಯಲ್ಲಿ, ಇನ್ನರ್ಧ ಇಂಟರ್‌ನೆಟ್ಟಿನಲ್ಲಿ ಎಂದು ವಿಶ್ವವಿದ್ಯಾಲಯದಿಂದ ಆದೇಶ ಬಂತು. ಪಾಠ, ಪ್ರಶ್ನೆ, ಉತ್ತರಗಳನ್ನು ನಾನೇ ಬರೆದು ಹಾಕಿದೆ. ಯಾರು ಎಷ್ಟು ಹೊತ್ತು ಪಾಠದ ಮುಂದೆ ಕುಳಿತರು ಎಂಬ ಪಟ್ಟಿ ತಿಂಗಳಿಗೊಮ್ಮೆ ನನಗೆ ಬರುತ್ತಿತ್ತು. ವರ್ಷಕ್ಕೆ ಹತ್ತು ತಾಸು ತುಂಬಿದರೆ ಇಪ್ಪತ್ತು ಇಂಟರ್ನಲ್ ಅಂಕ.

ಆರು ತಾಸು

ಮೊದಲ ಪಟ್ಟಿಯಲ್ಲಿ ಸವಡಿಯ ಹುಡುಗನೊಬ್ಬ ಒಂದೇ ದಿನ ಆರು ತಾಸು ಕುಳಿತಿದ್ದ. ತರಗತಿಯಲ್ಲಿ ಕೊನೆಯ ಬೆಂಚು ಬಿಟ್ಟು ಏಳದವನು. ನನಗೆ ಎದೆ ತುಂಬಿ ಬಂತು. ಎಲ್ಲರೆದುರು ನಿಲ್ಲಿಸಿ, "ಅಷ್ಟ ಹೊತ್ತು ಏನೇನು ಓದಿದ್ಯೋ?" ಎಂದು ಕೇಳಿದೆ.

"ಓದಿಲ್ರಿ ಸರ್. ಪಾಠ ತೆರೀತೈತಂತ ಕಾಯ್ಕೋತ ಕುಂತಿದ್ದೆ. ಇನ್ನೇನ ತೆರೀತು ಅನ್ನೂದ್ರಾಗ ಕರೆಂಟ್ ಹೋತ್ರಿ."

ಎಲ್ಲರ ಪರವಾಗಿ ಒಬ್ಬರು

ಮುಂದಿನ ತಿಂಗಳು ಹೆಚ್ಚುಕಡಿಮೆ ಇಡೀ ತರಗತಿಯೇ ಓದಿತ್ತು. ಒಬ್ಬ ಮುಗಿಸಿದ ಮರುನಿಮಿಷಕ್ಕೆ ಇನ್ನೊಬ್ಬ, ಎಲ್ಲರದೂ ಅಳೆದಿಟ್ಟ ಒಂದೊಂದು ತಾಸು. ಇಂಥ ಶಿಸ್ತು ನಮ್ಮ ಹುಡುಗರದಲ್ಲ ಎನ್ನಿಸಿ ಬಸ್‌ಸ್ಟ್ಯಾಂಡ್ ಹತ್ತಿರದ ನೆಟ್ ಅಂಗಡಿಗೆ ಹೋದೆ. ಪಟ್ಟಿಯಲ್ಲಿದ್ದವರೆಲ್ಲ ತಮ್ಮ ಪಾಸ್‌ವರ್ಡ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಅಂಗಡಿಯ ಚಾಚಾಗೆ ಒಪ್ಪಿಸಿಬಿಟ್ಟಿದ್ದರು. ಪಾಪ, ಅವರು ಒಬ್ಬೊಬ್ಬರ ಹೆಸರಿನಲ್ಲಿ ಪಾಠ ತೆರೆದು ಪ್ರಶ್ನೆಗಳಿಗೂ ಉತ್ತರ ಕೊಡುತ್ತಿದ್ದರು.

ನಾನು ಸಿಟ್ಟಾಗುವ ಮೊದಲೇ ಚಾಚಾ ಅಂದರು: "ಚಲೋ ಆತು ಬಂದ್ರಿ. ನಾಲ್ಕನೇ ಪಾಠದಾಗ ಒಂದು ಬರದೀರಿ, ಕಡೀ ಪ್ರಶ್ನೆದ ಉತ್ತರದಾಗ ಮತ್ತೊಂದು ಇಟ್ಟೀರಿ. ಮೂವತ್ತ ಸಲ ಓದೇನ್ರಿ, ತಪ್ಪು ನಿಮ್ದ ಐತಿ."

ಆ ಹಾಳೆಯನ್ನು ಹರಿದು ಹಾಕಿಸಿದೆ. ಮನೆಗೆ ಬಂದು ನೋಡಿದರೆ ತಪ್ಪು ನನ್ನದೇ. ನನ್ನ ಪಾಠವನ್ನು ಪೂರ್ತಿ ಓದಿದ ಮೊದಲ ಮನುಷ್ಯ ಅವರು. ಕಾಲೇಜಿಗೆ ಹೆಸರು ಹಚ್ಚಿರಲಿಲ್ಲ, ಅಷ್ಟೇ.

ಸೊನ್ನೆ ನಿಮಿಷ

ವರ್ಷದ ಕೊನೆಗೆ ಉಳಿದವರೆಲ್ಲ ಹೇಗೋ ಹತ್ತು ತಾಸು ತುಂಬಿಸಿಕೊಂಡಿದ್ದರು. ಸೊನ್ನೆ ಇದ್ದದ್ದು ಜಕ್ಕಲಿಯಿಂದ ಬರುವ ಹುಡುಗಿಯೊಬ್ಬಳಿಗೆ ಮಾತ್ರ. ಪರದೆ ಕಟ್ಟಿದ ಗೂಡುಗಳಲ್ಲಿ ಹುಡುಗರೇ ತುಂಬಿರುತ್ತಿದ್ದ ಆ ಅಂಗಡಿಗೆ ಅವಳು ಕಾಲಿಟ್ಟಿರಲಿಲ್ಲ. ಗೆಳತಿಯ ಬಳಿಯಿದ್ದ ಪಾಠದ ಝೆರಾಕ್ಸ್ ಪ್ರತಿಯನ್ನು ಬಸ್ಸಿನಲ್ಲಿ ಓದಿದ್ದಳು. ಏನು ಕೇಳಿದರೂ ಪಟಪಟ ಉತ್ತರ. ಆದರೆ ಇಪ್ಪತ್ತು ಅಂಕ ಹೋದರೆ ಅವಳ ಬಿ.ಎಡ್. ಸೀಟೂ ಹೋಗುತ್ತಿತ್ತು. ಓದಿದವಳಿಗೆ ಸೊನ್ನೆ, ಓದದವರಿಗೆ ಪೂರ್ತಿ ಕೊಡುವ ಪಟ್ಟಿಗೆ ಸಹಿ ಹಾಕಲು ನನಗೆ ನಾಚಿಕೆಯಾಯಿತು. ಇನ್ನು ಮೂರು ದಿನ ಉಳಿದಿದೆ, ಹೇಗಾದರೂ ಮಾಡಿ ಕುಳಿತುಕೋ ಎಂದೆ.

ಮರುದಿನ ನಾನು ಅಂಗಡಿಗೆ ಹೋದಾಗ ಅವಳ ಅಪ್ಪನೂ ಜೊತೆಗೆ ಬಂದಿದ್ದರು. ಮಂದಿಯ ಹೊಲದಲ್ಲಿ ದುಡಿಯುವವರು, ಅಕ್ಷರ ಬರದು. ಚಾಚಾ ಪರದೆ ಸರಿಸಿ ಇಬ್ಬರನ್ನೂ ಕೂರಿಸಿದರು. ಮಗಳು ಪಾಠ ತೆರೆದಳು, ಎಲ್ಲ ಗೊತ್ತಿದ್ದದ್ದೇ. ಅಷ್ಟರಲ್ಲಿ ತರಗತಿಯ ಹೊತ್ತಾಯಿತು.

"ಬರೇ ತೆರೆದಿರಬೇಕಲ್ಲ?" ಎಂದು ಅಪ್ಪ ಕೇಳಿದರು. "ನೀ ಸಾಲಿಗೆ ನಡಿಯವ್ವಾ, ನಾ ಕಾಯ್ತೀನಿ."

"ಆಗಾಗ ಈ ಮೌಸ್ ಅಲ್ಲಾಡಸ್ರಿ, ಇಲ್ಲಂದ್ರ ಪಾಠ ಮುಚ್ಚಿಕೊಳ್ತೈತಿ" ಎಂದು ಚಾಚಾ ತೋರಿಸಿಕೊಟ್ಟರು. ನಾನು ಕಂಡೂ ಕಾಣದವನ ಹಾಗೆ ಕಾಲೇಜಿಗೆ ನಡೆದೆ.

ಮೂರು ದಿನ, ಮುಂಜಾನೆಯಿಂದ ಸಂಜೆವರೆಗೆ, ರೊಟ್ಟಿ ಗಂಟು ಪಕ್ಕಕ್ಕಿಟ್ಟುಕೊಂಡು ಅವರು ಅಲ್ಲಾಡದೆ ಕುಳಿತರು. ಕುಳಿತ ತಾಸುಗಳ ಪಟ್ಟಿಯಲ್ಲಿ ನರಗುಂದ, ಗಜೇಂದ್ರಗಡದ ಕಾಲೇಜುಗಳನ್ನೆಲ್ಲ ಹಿಂದೆ ಹಾಕಿ ಹುಡುಗಿ ಮೊದಲಿಗಳಾದಳು. ಇಪ್ಪತ್ತಕ್ಕೆ ಇಪ್ಪತ್ತು. ಪಾಠದಲ್ಲಿ ಇಷ್ಟು ಆಸಕ್ತಿ ಹುಟ್ಟಿಸಿದ ನಿಮ್ಮ ವಿಧಾನ ತಿಳಿಸಿ ಎಂದು ವಿಶ್ವವಿದ್ಯಾಲಯದಿಂದ ನನಗೊಂದು ಪತ್ರವೂ ಬಂತು. ಅಪ್ಪನಿಗೆ ಅದನ್ನು ಓದಿ ಹೇಳಿ, "ಮೂರ ದಿನ ಕುಂತು ಬ್ಯಾಸರ ಆಗ್ಲಿಲ್ಲೇನ್ರಿ?" ಎಂದೆ.

"ಜ್ವಾಳ ಕಾಯೂದಕ್ಕಿಂತ ಹಗುರ ಐತ್ರಿ ಸರ್" ಎಂದರು ಅವರು. "ಅಲ್ಲಿ ಹಕ್ಕಿಗಳಾದ್ರೂ ಬರ್ತಾವು. ನಿಮ್ಮ ಪಾಠದ ಕಡೆ ಮೂರ ದಿನದಾಗ ಒಬ್ಬರೂ ಹಾಯಲಿಲ್ಲ."